ಚೌಕದಲ್ಲಿ ಗಾಜಿನ ಶಿಲ್ಪ: ಕರಾರಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ವಸತಿ ಸಮುಚ್ಚಯಗಳ ನಡುವಿನ ಚೌಕದಲ್ಲಿ ಕಲ್ಲಿನ ಅಥವಾ ಕಂಚಿನ ಶಿಲ್ಪ ನಿಲ್ಲಿಸುವಾಗ ಏಳದ ಪ್ರಶ್ನೆಗಳು ಗಾಜಿನ ಶಿಲ್ಪದ ವಿಷಯದಲ್ಲಿ ಏಳುತ್ತವೆ. ಮಕ್ಕಳು ಆಡುವ ಜಾಗದಲ್ಲಿ ಗಾಜು ಒಡೆದರೆ ಗತಿಯೇನು? ಅದರ ಬಿಸಿಲ ಪ್ರತಿಫಲನ ಯಾರ ಮನೆಯ ಕಿಟಕಿಗೆ ಬೀಳುತ್ತದೆ? ಹತ್ತು ವರ್ಷಗಳ ನಂತರ ಅದನ್ನು ಕಾಪಾಡುವವರು ಯಾರು? ಕಲಾವಿದರೊಂದಿಗೆ ಕರಾರು ಮಾಡಿಕೊಳ್ಳುವ ಮೊದಲೇ ಇವಕ್ಕೆ ಉತ್ತರ ಸಿಗಬೇಕು.

ಅಮೆರಿಕದ ಷಿಕಾಗೊ ನಗರದ ಮಿಲೆನಿಯಂ ಪಾರ್ಕಿನಲ್ಲಿ 2004ರ ಜುಲೈನಲ್ಲಿ ಉದ್ಘಾಟನೆಗೊಂಡ ‘ಕ್ರೌನ್ ಫೌಂಟನ್’ ಇದಕ್ಕೆ ಉತ್ತಮ ನಿದರ್ಶನ. ಅದಿರುವುದು ಉದ್ಯಾನದಲ್ಲಿ, ಆದರೆ ವಸತಿ ಚೌಕಕ್ಕೂ ಅದರ ಪಾಠಗಳು ಅನ್ವಯಿಸುತ್ತವೆ.

ಹಣ ಮತ್ತು ಆಯ್ಕೆ

ಫಿಲಡೆಲ್ಫಿಯಾದಲ್ಲಿ ಪುನರಭಿವೃದ್ಧಿ ಪ್ರಾಧಿಕಾರದ ಭೂಮಿಯಲ್ಲಿ ಕಟ್ಟಡ ಕಟ್ಟುವವರು ನಿರ್ಮಾಣ ವೆಚ್ಚದ ಕನಿಷ್ಠ ಶೇ. 1ರಷ್ಟನ್ನು ಕಲೆಗೆ ಮೀಸಲಿಡಬೇಕೆಂಬ ನಿಯಮ 1959ರಲ್ಲೇ ಬಂದಿತು. ಷಿಕಾಗೊದ ಕಾರಂಜಿಗೆ ನೆರವಾದವರು ದಾನಿಗಳು. ಸುಮಾರು 1.7 ಕೋಟಿ ಡಾಲರ್ ವೆಚ್ಚದಲ್ಲಿ 1 ಕೋಟಿಯನ್ನು ಕ್ರೌನ್ ಮತ್ತು ಗುಡ್‌ಮನ್ ಕುಟುಂಬಗಳು ನೀಡಿದವು. ಮಾಯಾ ಲಿನ್, ರಾಬರ್ಟ್ ವೆಂಚುರಿ ಅವರಂತಹ ಪ್ರಸಿದ್ಧರಿಂದಲೂ ಪ್ರಸ್ತಾವ ಕೇಳಿ, ಅಂತಿಮವಾಗಿ ಸ್ಪೇನಿನ ಜೌಮೆ ಪ್ಲೆನ್ಸಾ ಅವರನ್ನು ಆರಿಸಲಾಯಿತು.

ಗಾಜಿನ ಗುಣ

ದಪ್ಪ ಗಾಜನ್ನು ಅವಸರದಲ್ಲಿ ತಣಿಸಿದರೆ ಹೊರಭಾಗ ಮೊದಲು ಗಟ್ಟಿಯಾಗಿ ಒಳಗೆ ಬಿಗಿತ ಉಳಿಯುತ್ತದೆ. ಮುಂದೊಂದು ದಿನ ಅದು ತಾನಾಗಿಯೇ ಸೀಳಬಹುದು. ಆದ್ದರಿಂದ ಕುಲುಮೆಯಲ್ಲಿ ನಿಧಾನವಾಗಿ ತಣಿಸಬೇಕು. ಕಾಲಾವಧಿ ನಿಗದಿಪಡಿಸುವಾಗ ಇದನ್ನು ಮರೆಯುವಂತಿಲ್ಲ. ಕ್ರೌನ್ ಫೌಂಟನ್ನಿನ 50 ಅಡಿ ಎತ್ತರದ ಎರಡು ಗೋಪುರಗಳಿಗೆ ಸುಮಾರು 22,500 ಗಾಜಿನ ಇಟ್ಟಿಗೆಗಳು ಬೇಕಾದವು. ಪೆನ್ಸಿಲ್ವೇನಿಯಾದ ಕಾರ್ಖಾನೆಯೊಂದರಲ್ಲಿ ಕರಗಿದ ಗಾಜನ್ನು ಕೈಯಿಂದಲೇ ಅಚ್ಚಿಗೆ ಸುರಿದು ಇವನ್ನು ತಯಾರಿಸಲಾಯಿತು. ಭಾರ ಹೊರುವುದು ಉಕ್ಕಿನ ಚೌಕಟ್ಟು.

ಹಲಗೆ ಗಾಜು ಬಳಸುವುದಾದರೆ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಗಾಜು ಕ್ಷೇಮ. ಕಾರಿನ ಮುಂಭಾಗದ ಗಾಜಿನಂತೆ ಇದು ಒಡೆದರೂ ಚೂರುಗಳು ಬಹುಮಟ್ಟಿಗೆ ಹಾಳೆಗೇ ಅಂಟಿಕೊಂಡಿರುತ್ತವೆ.

ಬಾಗಿದ ಗಾಜಿನ ಅಪಾಯವೇ ಬೇರೆ. 2013ರಲ್ಲಿ ಲಂಡನ್ನಿನ ಫೆನ್‌ಚರ್ಚ್ ಬೀದಿಯ ಗಗನಚುಂಬಿ ಕಟ್ಟಡವೊಂದರ ಒಳಬಾಗಿದ ಗಾಜಿನ ಮುಖ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ, ಕೆಳಗೆ ನಿಂತಿದ್ದ ಕಾರಿನ ಭಾಗಗಳನ್ನು ಕರಗಿಸಿತ್ತು. ಶಿಲ್ಪ ಚಿಕ್ಕದಾದರೂ ವರ್ಷವಿಡೀ ಸೂರ್ಯನ ಚಲನೆಗೆ ಅನುಗುಣವಾಗಿ ಬಿಸಿಲಿನ ಲೆಕ್ಕ ಹಾಕುವುದು ಅಗತ್ಯ.

ನಿರ್ವಹಣೆ

ಧೂಳು, ನೀರಿನ ಕಲೆ, ಗೀರುಗಳು ಗಾಜಿನ ಅಂದವನ್ನು ಬೇಗ ಕೆಡಿಸುತ್ತವೆ. ತೊಳೆಯುವ ವೆಚ್ಚ, ವಿಮೆ, ಹೆಚ್ಚುವರಿ ಬಿಡಿಭಾಗಗಳು ಹಾಗೂ ಅಚ್ಚುಗಳ ಒಡೆತನ ಕರಾರಿನಲ್ಲೇ ಸ್ಪಷ್ಟವಾಗಿರಬೇಕು. ಅಚ್ಚು ಇಲ್ಲದಿದ್ದರೆ ಒಡೆದ ಒಂದು ತುಂಡಿಗೂ ಬದಲಿ ಸಿಗುವುದು ಕಷ್ಟ.

ಜನರ ಮಾತು

ಷಿಕಾಗೊದ ಗೋಪುರಗಳಲ್ಲಿ ಮೂಡುವುದು ಸುಮಾರು 1,000 ಮಂದಿ ನಗರವಾಸಿಗಳ ಮುಖಗಳು. ಆ ಮುಖಗಳ ಬಾಯಿಂದ ಚಿಮ್ಮುವ ನೀರಿನಲ್ಲಿ ಬೇಸಿಗೆಯಲ್ಲಿ ಮಕ್ಕಳು ಆಡುತ್ತಾರೆ. 2006ರ ನವೆಂಬರಿನಲ್ಲಿ ಗೋಪುರಗಳ ಮೇಲೆ ಕಣ್ಗಾವಲು ಕ್ಯಾಮೆರಾಗಳು ಕಾಣಿಸಿಕೊಂಡಾಗ ಸಾರ್ವಜನಿಕರು ಆಕ್ಷೇಪಿಸಿದರು. ಡಿಸೆಂಬರಿನಲ್ಲಿ ಅವನ್ನು ತೆಗೆಯಲಾಯಿತು. ಕೃತಿಯನ್ನು ತಮ್ಮದೆಂದು ಭಾವಿಸಿದ್ದರಿಂದಲೇ ಜನ ದನಿ ಎತ್ತಿದರು.

ಉದ್ಯಾನಕ್ಕೆ ಬಂದವರು ಸಂಜೆಗೆ ಮನೆಗೆ ಮರಳುತ್ತಾರೆ. ವಸತಿ ಚೌಕದ ನಿವಾಸಿಗಳಿಗಾದರೋ ಆ ಶಿಲ್ಪ ಹಗಲಿರುಳೂ ಕಿಟಕಿಯೆದುರೇ ಇರುತ್ತದೆ. ಹೀಗಾಗಿ ಅವರ ಅಭಿಪ್ರಾಯ ಕೇಳಬೇಕಾದದ್ದು ಉದ್ಘಾಟನೆಯ ದಿನವಲ್ಲ, ನಕ್ಷೆ ಸಿದ್ಧವಾಗುವ ಹಂತದಲ್ಲಿ.