ಬೆಕ್ಕಿಗೆ ಭಯಶಾಮಕ ಔಷಧ: ಗೃಹಪ್ರಯೋಗದ ಕ್ರಮ ಮತ್ತು ಎಚ್ಚರಿಕೆ

ಬೆಕ್ಕು ಬೇಟೆಯಾಡುವ ಪ್ರಾಣಿ. ತನಗಿಂತ ದೊಡ್ಡ ಮೃಗಗಳಿಗೆ ತಾನೇ ಬೇಟೆಯಾಗಬಲ್ಲ ಪ್ರಾಣಿಯೂ ಹೌದು. ಆದಕಾರಣ ಅಪರಿಚಿತವಾದ ಶಬ್ದ, ವಾಸನೆ ಮತ್ತು ಸ್ಥಳಗಳನ್ನು ಅದು ಅಪಾಯದ ಸೂಚನೆಯೆಂದೇ ಗ್ರಹಿಸುತ್ತದೆ. ಸಾಧ್ಯವಾದರೆ ಅಡಗುತ್ತದೆ, ಅಡಗಲು ಎಡೆಯಿಲ್ಲದಿದ್ದರೆ ಪರಚಿ ಕಚ್ಚುತ್ತದೆ. ಒಯ್ಯುವ ಬುಟ್ಟಿಯನ್ನು ಹೊರತೆಗೆದೊಡನೆಯೇ ಮಂಚದಡಿ ಸೇರುವ ಬೆಕ್ಕನ್ನು ವೈದ್ಯರ ಬಳಿಗೆ ಕೊಂಡೊಯ್ಯುವ ಕೆಲಸವನ್ನು ಮನೆಯವರು ಮುಂದೂಡುತ್ತ ಹೋಗುವುದು ಸಾಮಾನ್ಯ. ಹೀಗೆ ಕಳೆದ ತಿಂಗಳುಗಳಲ್ಲಿ ಮೂತ್ರಪಿಂಡದ ರೋಗವೋ ದಂತರೋಗವೋ ಸದ್ದಿಲ್ಲದೆ ಬಲಿಯುತ್ತದೆ. ಭಯವು ಇಲ್ಲಿ ಕೇವಲ ಒಂದು ಸ್ವಭಾವವಾಗಿ ಉಳಿಯದೆ ಚಿಕಿತ್ಸೆಗೇ ಅಡ್ಡಿಯಾಗುತ್ತದೆ. ಭಯಶಾಮಕ ಔಷಧಗಳಿಗೆ ಇತ್ತೀಚಿನ ಪಶುವೈದ್ಯದಲ್ಲಿ ದೊರೆತಿರುವ ಮಹತ್ತ್ವಕ್ಕೆ ಇದೊಂದು ಮುಖ್ಯ ಕಾರಣ.

ಔಷಧವನ್ನು ನಿರ್ಣಯಿಸುವುದು ವೈದ್ಯರ ಹೊಣೆ. ಅದನ್ನು ಬೆಕ್ಕಿನ ಹೊಟ್ಟೆಗೆ ಸೇರಿಸುವುದು ಮನೆಯವರ ಹೊಣೆ. ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡರ ನಡುವಣ ಅವಕಾಶದಲ್ಲಿ. ಬೆಕ್ಕು ಚಿಕ್ಕ ಮನುಷ್ಯನಲ್ಲ, ಚಿಕ್ಕ ನಾಯಿಯೂ ಅಲ್ಲ ಎಂಬ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ದೇಹಧರ್ಮದ ಭೇದ

ಅನೇಕ ಔಷಧಗಳನ್ನು ಯಕೃತ್ತು ಗ್ಲುಕುರಾನಿಕ್ ಆಮ್ಲದೊಡನೆ ಸಂಯೋಜಿಸಿ ದೇಹದಿಂದ ಹೊರಹಾಕುತ್ತದೆ. ಈ ಕಾರ್ಯಕ್ಕೆ ಬೇಕಾದ ಕಿಣ್ವಗಳಲ್ಲಿ ಒಂದನ್ನು ರೂಪಿಸುವ ಜೀನು ಬೆಕ್ಕಿನ ಕುಲದಲ್ಲಿ ನಿಷ್ಕ್ರಿಯವಾಗಿದೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲುದು ಈ ಕಾರಣದಿಂದಲೇ. ಭಯಶಾಮಕಗಳ ಇತಿಹಾಸದಲ್ಲಿಯೂ ಇಂತಹ ಪಾಠವಿದೆ. ಮನುಷ್ಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಡಯಾಜೆಪಾಮನ್ನು ಬಾಯಿಯ ಮೂಲಕ ಪಡೆದ 11 ಬೆಕ್ಕುಗಳಲ್ಲಿ ಯಕೃತ್ತು ತೀವ್ರವಾಗಿ ಕೆಟ್ಟುದು 1996ರಲ್ಲಿ ವರದಿಯಾಯಿತು. ಅವುಗಳಲ್ಲಿ ಬಹುಪಾಲು ಉಳಿಯಲಿಲ್ಲ. ಮನೆಯ ಔಷಧಪೆಟ್ಟಿಗೆಯಿಂದ ‘ಸ್ವಲ್ಪವೇ ಸ್ವಲ್ಪ’ ಕೊಡುವ ವಾಡಿಕೆ ಏಕೆ ಸಲ್ಲದೆಂಬುದಕ್ಕೆ ಇದು ಸಾಕಾದ ಉತ್ತರ.

ಎರಡು ಬಗೆಯ ಔಷಧಗಳು

ಈಗ ವೈದ್ಯರು ಬರೆದುಕೊಡುವ ಭಯಶಾಮಕಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ಸಂದರ್ಭಕ್ಕೆಂದು ಕೊಡುವ ಔಷಧ. ಗ್ಯಾಬಪೆಂಟಿನ್ ಇದಕ್ಕೆ ಉದಾಹರಣೆ. ಇದು ನರಕೋಶಗಳ ಕ್ಯಾಲ್ಸಿಯಂ ದ್ವಾರಗಳ ಒಂದು ಭಾಗಕ್ಕೆ ಅಂಟಿಕೊಂಡು ಉದ್ರೇಕಕಾರಿ ದ್ರವ್ಯಗಳ ಸ್ರಾವವನ್ನು ತಗ್ಗಿಸುತ್ತದೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 20 ಬೆಕ್ಕುಗಳಿಗೆ ಬುಟ್ಟಿಗೆ ಸೇರಿಸುವ 90 ನಿಮಿಷ ಮೊದಲು ಒಮ್ಮೆ 100 ಮಿಲಿಗ್ರಾಂ ಗ್ಯಾಬಪೆಂಟಿನನ್ನೂ ಇನ್ನೊಮ್ಮೆ ಔಷಧವಿಲ್ಲದ ಕ್ಯಾಪ್ಸೂಲನ್ನೂ ಕೊಡಲಾಯಿತು. ಔಷಧ ಪಡೆದ ದಿನ ಪ್ರಯಾಣದಲ್ಲಿಯೂ ಪರೀಕ್ಷಾಕೊಠಡಿಯಲ್ಲಿಯೂ ಕಳವಳ ಕಡಮೆಯಿತ್ತು. ಮಂಪರು, ತೂರಾಟ ಮೊದಲಾದ ಪರಿಣಾಮಗಳು 8 ಗಂಟೆಗಳೊಳಗೆ ಅಳಿದುವು. ಈ ಔಷಧ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾದ ಮುದಿಬೆಕ್ಕಿಗೆ ವೈದ್ಯರು ಪ್ರಮಾಣವನ್ನು ಇಳಿಸುತ್ತಾರೆ. ಅಂತಹ ರೋಗವಿದ್ದಲ್ಲಿ ಅದನ್ನು ಮೊದಲೇ ತಿಳಿಸತಕ್ಕದ್ದು.

ಎರಡನೆಯದು ಪ್ರತಿದಿನ ಕೊಡುವ ಔಷಧ. ಫ್ಲುಯೋಕ್ಸೆಟಿನ್ ಇದರ ಮಾದರಿ. ಭಯದಿಂದ ಮನೆಯ ಮೂಲೆಗಳಲ್ಲಿ ಮೂತ್ರ ಸಿಂಪಡಿಸುವ, ಮೈಯನ್ನು ಬೋಳಾಗುವಂತೆ ನೆಕ್ಕಿಕೊಳ್ಳುವ ಬೆಕ್ಕುಗಳಿಗೆ, ಮೂತ್ರಕೋಶದ ಉರಿಯೂತ ಮೊದಲಾದ ದೈಹಿಕ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಇದನ್ನು ಕೊಡುತ್ತಾರೆ. ಇದರ ಪೂರ್ಣಫಲ ಕಾಣಲು 4ರಿಂದ 6 ವಾರ ಬೇಕು. ಎರಡು ದಿನ ಕೊಟ್ಟು ಗುಣ ಕಾಣಲಿಲ್ಲವೆಂದು ಪ್ರಮಾಣವನ್ನು ಹೆಚ್ಚಿಸುವುದಾಗಲಿ, ಗುಣ ಕಂಡಿತೆಂದು ಥಟ್ಟನೆ ನಿಲ್ಲಿಸುವುದಾಗಲಿ ತಪ್ಪು. ಆರಂಭದ ವಾರಗಳಲ್ಲಿ ಹಸಿವು ತಗ್ಗಬಹುದು. ಇದನ್ನು ಉಪೇಕ್ಷಿಸಲಾಗದು, ಏಕೆಂದರೆ ಕೆಲವು ದಿನ ಉಣ್ಣದ ಬೆಕ್ಕಿನ, ಅದರಲ್ಲಿಯೂ ಮೈತುಂಬಿದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು.

ಪ್ರಮಾಣ

ಫ್ಲುಯೋಕ್ಸೆಟಿನನ್ನು ಬೆಕ್ಕಿಗೆ ಸಾಮಾನ್ಯವಾಗಿ ಪ್ರತಿ ಕಿಲೋಗ್ರಾಂ ತೂಕಕ್ಕೆ 0.5ರಿಂದ 1 ಮಿಲಿಗ್ರಾಂ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. 4 ಕಿಲೋಗ್ರಾಂ ತೂಗುವ ಬೆಕ್ಕಿಗೆ ಇದು 2ರಿಂದ 4 ಮಿಲಿಗ್ರಾಂ ಆಯಿತು. ಮನುಷ್ಯರ ಕ್ಯಾಪ್ಸೂಲೊಂದರಲ್ಲಿ ಇರುವುದು 20 ಮಿಲಿಗ್ರಾಂ, ಎಂದರೆ ಬೆಕ್ಕಿನ ಐದರಿಂದ ಹತ್ತು ದಿನಗಳ ಔಷಧ. ಈ ಪುಡಿಯನ್ನು ಕಾಗದದ ಮೇಲೆ ಹರಡಿ ಕಣ್ಣಳತೆಯಿಂದ ಪಾಲುಮಾಡುವುದು ಅಪಾಯಕರ. ದ್ರವರೂಪದಲ್ಲಾಗಲಿ ಸಣ್ಣ ಗುಳಿಗೆಯಾಗಲಿ ಅಳೆಯಲು ಬರುವ ರೂಪವನ್ನು ವೈದ್ಯರಿಂದ ಕೇಳಿ ಪಡೆಯುವುದು ಲೇಸು. ಕಿವಿಯ ಒಳಬದಿಗೆ ಹಚ್ಚುವ ಲೇಪ ಸುಲಭವೆಂದು ತೋರಿದರೂ, ಬಾಯಿಯ ಮೂಲಕ ಕೊಟ್ಟುದರ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಅದರಿಂದ ರಕ್ತಕ್ಕೆ ಸೇರುವುದು ಪರೀಕ್ಷೆಯಲ್ಲಿ ಕಂಡುಬಂದಿದೆ.

ನಮ್ಮ ದೇಶದ ಔಷಧದಂಗಡಿಗಳಲ್ಲಿ ಇನ್ನೊಂದು ತೊಡಕಿದೆ. ಗ್ಯಾಬಪೆಂಟಿನ್ ಇಲ್ಲಿ ಮೀಥೈಲ್‌ಕೊಬಾಲಮಿನ್ ಇಲ್ಲವೆ ನಾರ್ಟ್ರಿಪ್ಟಿಲಿನ್ ಜೊತೆಗೂಡಿದ ಮಿಶ್ರಗುಳಿಗೆಯಾಗಿಯೂ ಮಾರಾಟವಾಗುತ್ತದೆ. ಹೆಸರು ಹೋಲಿದ ಮಾತ್ರಕ್ಕೆ ಅಂತಹ ಗುಳಿಗೆಯನ್ನು ತರಕೂಡದು; ಪಟ್ಟಿಯ ಮೇಲಿನ ಎಲ್ಲ ದ್ರವ್ಯಗಳನ್ನೂ ಓದಿ, ಬರೆದುಕೊಟ್ಟ ಔಷಧ ಒಂದೇ ಇದೆಯೆಂದು ಕಂಡುಕೊಳ್ಳಬೇಕು.

ಕೊಡುವ ಕ್ರಮ

ಭಯ ಕಳೆಯುವ ಔಷಧವನ್ನು ಹಿಡಿದು ಅದುಮಿ ಕೊಟ್ಟರೆ ಅದೇ ಹೊಸ ಭಯಕ್ಕೆ ಕಾರಣವಾಗುತ್ತದೆ. ಆದ್ದರಿಂದ ಆಹಾರದ ಮಾರ್ಗವೇ ಮೊದಲನೆಯದು. ವೈದ್ಯರ ಒಪ್ಪಿಗೆಯಿದ್ದಲ್ಲಿ ಕ್ಯಾಪ್ಸೂಲನ್ನು ಬಿಡಿಸಿ, ಪುಡಿಯನ್ನು ಒಂದು ಚಮಚದಷ್ಟು ಮೀನು ಇಲ್ಲವೆ ಕೋಳಿಮಾಂಸದಲ್ಲಿ ಕಲಸಬಹುದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ನಾಶಪಡಿಸುವುದರಿಂದ ಅವು ಸೇರಿದ ಅಡುಗೆ ಕೂಡದು. ಇಡೀ ಊಟದಲ್ಲಿ ಬೆರೆಸಿದರೆ ಎಷ್ಟು ಒಳಹೋಯಿತೆಂದು ತಿಳಿಯದು. ಔಷಧವಿಲ್ಲದ ತುತ್ತೊಂದನ್ನು ಮೊದಲು ಕೊಟ್ಟು, ಔಷಧದ ತುತ್ತನ್ನು ಅನಂತರ ಇಟ್ಟು, ಕೊನೆಗೆ ಇನ್ನೊಂದು ಬರಿಯ ತುತ್ತನ್ನು ಕೊಡುವ ಕ್ರಮ ಅನೇಕ ವೇಳೆ ಫಲಿಸುತ್ತದೆ.

ಬಾಯಿ ತೆರೆಸಿಯೇ ಗುಳಿಗೆ ಹಾಕಬೇಕಾದಲ್ಲಿ, ಒಂದು ಕೈಯಿಂದ ತಲೆಯನ್ನು ಮೇಲಿನಿಂದ ಕೆನ್ನೆಯೆಲುಬುಗಳ ಬಳಿ ಹಿಡಿದು ತುಸು ಎತ್ತಿ, ಇನ್ನೊಂದು ಕೈಯ ಬೆರಳಿನಿಂದ ಕೆಳದವಡೆಯನ್ನು ಇಳಿಸಿ, ನಾಲಗೆಯ ಬುಡದಲ್ಲಿ ಗುಳಿಗೆಯನ್ನು ಬಿಡಬೇಕು. ಕೆಲಸ ಇಲ್ಲಿಗೆ ಮುಗಿಯಲಿಲ್ಲ. 30 ಬೆಕ್ಕುಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣದಾಗಿ ನುಂಗಿಸಿದ ಗುಳಿಗೆಗಳಲ್ಲಿ ಹೆಚ್ಚಿನವು 5 ನಿಮಿಷ ಕಳೆದರೂ ಜಠರವನ್ನು ಸೇರಿರಲಿಲ್ಲ. 6 ಮಿಲಿಲೀಟರ್ ನೀರು ಕುಡಿಸಿದಾಗ ಬಹುಪಾಲು ಗುಳಿಗೆಗಳು ಅರ್ಧ ನಿಮಿಷದೊಳಗೆ ಸೇರಿದುವು. ಅನ್ನನಾಳದಲ್ಲಿ ನಿಂತ ಗುಳಿಗೆ ಹುಣ್ಣನ್ನುಂಟುಮಾಡಬಹುದು. ಆದ್ದರಿಂದ ಸೂಜಿಯಿಲ್ಲದ ಸಿರಿಂಜಿನಿಂದ, ತಲೆಯನ್ನು ಹಿಂದಕ್ಕೆ ಬಾಗಿಸದೆ, ಕೆನ್ನೆಯ ಪಕ್ಕದಿಂದ ತೊಟ್ಟುತೊಟ್ಟಾಗಿ ನೀರನ್ನು ಕೊಡಬೇಕು. ಅವಸರಪಟ್ಟರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಕಹಿಯ ರುಚಿಯಿಂದ ಬಾಯಲ್ಲಿ ನೊರೆ ಬಂದರೆ ವಿಷವೇರಿತೆಂದು ಹೆದರಬೇಕಾಗಿಲ್ಲ. ಅದು ಬೇಗನೆ ನಿಲ್ಲುತ್ತದೆ. ಆದರೆ ಔಷಧವನ್ನು ಉಗುಳಿದರೆ ಇಲ್ಲವೆ ವಾಂತಿಮಾಡಿದರೆ ಕೇಳದೆ ಮತ್ತೊಮ್ಮೆ ಕೊಡಬಾರದು. ತಪ್ಪಿದ ದಿನದ ಔಷಧವನ್ನು ಮರುದಿನ ಇಮ್ಮಡಿಮಾಡಿ ಕೊಡುವುದೂ ಸಲ್ಲದು.

ಕೊಟ್ಟ ಅನಂತರ

ಪ್ರಯಾಣಕ್ಕೆಂದಾಗಲಿ, ದೀಪಾವಳಿಯ ಪಟಾಕಿಯ ರಾತ್ರಿಗೆಂದಾಗಲಿ ಔಷಧ ಪಡೆದವರು, ವೈದ್ಯರ ಅನುಮತಿಯಿಂದ, ಅದಕ್ಕೆ ಮೊದಲೇ ಒಂದು ಬಿಡುವಿನ ದಿನ ಅದೇ ಪ್ರಮಾಣವನ್ನು ಕೊಟ್ಟು ಬೆಕ್ಕನ್ನು ಗಮನಿಸುವುದು ಒಳ್ಳೆಯದು. ಮಂಪರಿನಲ್ಲಿರುವ ಬೆಕ್ಕು ತನ್ನ ನೆಗೆತದ ಅಳತೆಯನ್ನು ತಪ್ಪುತ್ತದೆ. ಆದುದರಿಂದ ಬಾಲ್ಕನಿ, ತೆರೆದ ಕಿಟಕಿ, ಮೆಟ್ಟಿಲುಗಳಿಂದ ದೂರವಾಗಿ, ನೀರು ಮತ್ತು ಮಲಪೆಟ್ಟಿಗೆ ಹತ್ತಿರವಿರುವ ಒಂದೇ ಕೋಣೆಯಲ್ಲಿ ಅದನ್ನು ಇರಿಸಬೇಕು, ಹೊರಗೆ ಬಿಡಬಾರದು.

ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು, ಮೈ ತಣ್ಣಗಾಗುವುದು, ಸೆಳವು, ಇವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಫ್ಲುಯೋಕ್ಸೆಟಿನ್ ಪಡೆಯುವ ಬೆಕ್ಕಿಗೆ ನೋವಿಗೆಂದು ಟ್ರಮಡಾಲ್ ಸೇರಿದರೆ ಸೆರಟೋನಿನ್ ಮಿತಿಮೀರಿ ನಡುಕ, ತಳಮಳ, ಜ್ವರಗಳು ಬರಬಹುದು. ಬೇರೊಬ್ಬ ವೈದ್ಯರ ಬಳಿ ಹೋದಾಗ ನಡೆಯುತ್ತಿರುವ ಔಷಧಗಳನ್ನೆಲ್ಲ ಹೇಳಬೇಕಾದುದು ಇದಕ್ಕಾಗಿ. ಕೊಟ್ಟ ವೇಳೆ, ಪ್ರಮಾಣ, ಉಂಡದ್ದು, ನಡೆದುಕೊಂಡ ರೀತಿ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಪ್ರಮಾಣವನ್ನು ತಿದ್ದಲು ವೈದ್ಯರಿಗೆ ಅದಕ್ಕಿಂತ ಉತ್ತಮ ಆಧಾರ ಬೇರಿಲ್ಲ.

ಔಷಧವು ಭಯದ ತೀವ್ರತೆಯನ್ನು ತಗ್ಗಿಸುತ್ತದೆ. ಭಯದ ಕಾರಣವನ್ನು ಅಳಿಸಲಾರದು. ಅಡಗಲು ಒಂದು ಪೆಟ್ಟಿಗೆ, ಏರಿ ಕೂರಲು ಎತ್ತರದ ಎಡೆ, ವರ್ಷವಿಡೀ ಮನೆಯಲ್ಲಿ ತೆರೆದಿಟ್ಟು ಪರಿಚಿತಗೊಳಿಸಿದ ಬುಟ್ಟಿ, ಇವು ಜೊತೆಗಿದ್ದರೆ ಮಾತ್ರ ಗುಳಿಗೆಯ ಗುಣ ನಿಲ್ಲುತ್ತದೆ. ಹೀಗೆ ಕಳವಳ ತಗ್ಗಿದ ಬೆಕ್ಕು ವೈದ್ಯರ ಮೇಜನ್ನು ಸಕಾಲದಲ್ಲಿ ತಲಪಿದರೆ, ಅಷ್ಟರಮಟ್ಟಿಗೆ ಅದರ ಆಯುಸ್ಸಿಗೂ ರಕ್ಷಣೆ ದೊರೆತಂತಾಯಿತು.