ತುಳಿಸಿಕೊಂಡವರು ಗೆದ್ದಾಗ: ಠಾಣೆ ಸೀಮೆಯ ಚರಿತ್ರೆ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಕನ್ನಡಿಗರು ಮಾತಿಗೆ ಕುಳಿತರೆ ಗಡಿ, ಭಾಷೆ, ಶಿವಾಜಿ, ಪುಲಕೇಶಿ ಎಲ್ಲವೂ ಬಂದುಹೋಗುತ್ತವೆ. ‘ನಮ್ಮವರು ತುಳಿಸಿಕೊಂಡವರೇ ಹೊರತು ಯಾರನ್ನೂ ತುಳಿದವರಲ್ಲ’ ಎಂಬ ಮಾತನ್ನು ಮರಾಠಿಗರ ಬಾಯಲ್ಲೂ ಕೇಳಿದ್ದೇನೆ, ನಮ್ಮವರ ಬಾಯಲ್ಲೂ ಕೇಳಿದ್ದೇನೆ. ನಾವು ದಿನವೂ ಓಡಾಡುವ ಈ ನೆಲದ ಚರಿತ್ರೆ ಬೇರೆಯೇ ಹೇಳುತ್ತದೆ.

ತಪ್ಪು ಕಲ್ಪನೆ: ದಬ್ಬಾಳಿಕೆ ಉಂಡವರಿಗೆ ಇನ್ನೊಬ್ಬರ ಸಂಕಟ ತಾನಾಗಿ ತಿಳಿಯುತ್ತದೆ.

ವಾಸ್ತವ: ಠಾಣೆ, ವಸಾಯಿ ಸೀಮೆ ಪೋರ್ಚುಗೀಸರ ವಶವಾದದ್ದು 1530ರ ದಶಕದಲ್ಲಿ. ಇನ್ನೂರು ವರ್ಷ ಇಲ್ಲಿನವರು ತಮ್ಮ ಪೂಜೆ, ಮದುವೆ, ಉತ್ತರಕ್ರಿಯೆಗಳಿಗೂ ಅಡ್ಡಿ ಆತಂಕ ಎದುರಿಸಿದರು. ಭಿವಂಡಿ ಬಳಿಯ ಅಂಜೂರಿನ ಗಂಗಾಜಿ ನಾಯಿಕ್ ಪೇಶ್ವೆಯ ಮೊರೆಹೋದದ್ದು ಅದಕ್ಕಾಗಿಯೇ. ಮರಾಠರು 1737ರಲ್ಲಿ ಠಾಣೆಯನ್ನು ಗೆದ್ದರು. 1739ರಲ್ಲಿ ವಸಾಯಿ ಕೋಟೆ ಪೇಶ್ವೆಯ ತಮ್ಮ ಚಿಮಾಜಿ ಅಪ್ಪನ ಕೈಸೇರಿತು. ಜನರ ಪಾಲಿಗೆ ಅದು ನಿಜವಾದ ಬಿಡುಗಡೆ. ಅದರ ಹಿರಿಮೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ.

ಆದರೆ ವಸಾಯಿ ಗೆದ್ದ ಮೂರೇ ವರ್ಷಕ್ಕೆ ನಾಗಪುರದ ರಘೂಜಿ ಭೋಸಲೆಯ ಕುದುರೆದಂಡು ಭಾಸ್ಕರ ಪಂಡಿತನ ಮುಂದಾಳ್ತನದಲ್ಲಿ ಬಂಗಾಳಕ್ಕೆ ನುಗ್ಗಿತು. ಸರದಾರರು ಬೇರೆ, ರಾಜ್ಯ ಅದೇ. ಸುಮಾರು ಹತ್ತು ವರ್ಷ ಊರುಗಳು ಉರಿದವು, ಜನ ಮನೆಮಠ ಬಿಟ್ಟು ಓಡಿದರು. ಗಂಗಾರಾಮ ಎಂಬ ಬಂಗಾಳಿ ಕವಿ ಆ ಕಾಲದಲ್ಲೇ ಅದನ್ನು ‘ಮಹಾರಾಷ್ಟ್ರ ಪುರಾಣ’ವೆಂದು ಬರೆದಿಟ್ಟ. ಕಲಕತ್ತೆಯವರು ಹೆದರಿ ಊರ ಕಾವಲಿಗೆ ಕಂದಕ ತೋಡಿದರು. 1751ರಲ್ಲಿ ನವಾಬ ಅಲಿವರ್ದಿ ಖಾನ್ ವರ್ಷಕ್ಕೆ 12 ಲಕ್ಷ ರೂಪಾಯಿ ‘ಚೌತ್’ ಎಂಬ ಕಪ್ಪ ತೆರಲು ಒಪ್ಪಿದ ಮೇಲಷ್ಟೇ ದಾಳಿ ನಿಂತಿತು. ಬಂಗಾಳದ ಜೋಗುಳದಲ್ಲಿ ಮಗುವನ್ನು ಮಲಗಿಸುವ ತಾಯಿ ಇಂದಿಗೂ ನೆನೆಯುವುದು ಆ ದಾಳಿಕೋರ ‘ಬರ್ಗಿ’ಗಳನ್ನು.

ಕನ್ನಡಿಗರಿಗೆ ಇನ್ನೂ ಹತ್ತಿರದ ಪ್ರಸಂಗವೊಂದಿದೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮ ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿ ಸೀಮೆಗೆ ಬಂದ. ರಾಣಿ ಚೆನ್ನಮ್ಮಾಜಿ ಮೊಗಲರ ಸಿಟ್ಟಿಗೆ ಅಂಜದೆ ಅವನಿಗೆ ಆಶ್ರಯ ಕೊಟ್ಟು ಮುಂದಕ್ಕೆ ದಾಟಿಸಿದಳು. ಅದಾಗಿ ನೂರು ವರ್ಷ ಕಳೆದಿತ್ತಷ್ಟೆ. ಅದೇ ಮಲೆನಾಡಿನ ಶೃಂಗೇರಿಯನ್ನು 1791ರಲ್ಲಿ ಮರಾಠಾ ದಂಡಿನವರು ಲೂಟಿ ಮಾಡಿದರು, ಮಠದವರನ್ನು ಕೊಂದರು, ಶಾರದಾಂಬೆಯ ವಿಗ್ರಹವನ್ನೇ ಕದಲಿಸಿದರು. ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಅವನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಉಪಕಾರದ ನೆನಪು ಮನೆತನಗಳಲ್ಲಿ ಉಳಿಯಬಹುದು, ದಂಡಿನಲ್ಲಿ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಗೆದ್ದವರು ಹಳೆಯ ದಬ್ಬಾಳಿಕೆಯ ಸಾಧನಗಳನ್ನು ಮುರಿದುಹಾಕುತ್ತಾರೆ.

ವಾಸ್ತವ: ಸಾಧನ ಉಳಿಯುತ್ತದೆ, ಹಿಡಿಯುವ ಕೈ ಮಾತ್ರ ಬದಲಾಗುತ್ತದೆ. ಠಾಣೆ ಸೆಂಟ್ರಲ್ ಜೈಲಿನ ಗೋಡೆಯನ್ನೇ ನೋಡಿ. ಅದು ಪೋರ್ಚುಗೀಸರು ಕಟ್ಟಲು ತೊಡಗಿದ ಕೋಟೆ. ಮರಾಠರು ಗೆದ್ದು ಅದನ್ನೇ ಇಟ್ಟುಕೊಂಡರು. 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಕಿತ್ತುಕೊಂಡು ಮುಂದೆ ಸೆರೆಮನೆ ಮಾಡಿದರು. ಪೇಶ್ವೆಯ ಮಂತ್ರಿ ತ್ರಿಂಬಕಜಿ ಡೇಂಗಳೆ ಬಂದಿಯಾಗಿದ್ದು 1816ರಲ್ಲಿ ತಪ್ಪಿಸಿಕೊಂಡದ್ದು ಈ ಕೋಟೆಯಿಂದಲೇ. ನಾಸಿಕದ ಕಲೆಕ್ಟರ್ ಜಾಕ್ಸನನನ್ನು ಕೊಂದ ಅನಂತ ಕಾನ್ಹೇರೆಯನ್ನು 1910ರಲ್ಲಿ ಗಲ್ಲಿಗೇರಿಸಿದ್ದೂ ಇಲ್ಲಿಯೇ. ಸ್ವಾತಂತ್ರ್ಯ ಬಂದ ಮೇಲೂ ಅದು ಜೈಲೇ.

ಚೌತ್‌ನ ಕಥೆಯೂ ಇದೇ ಬಗೆಯದು. ಮರಾಠರಿಗಿಂತ ಮೊದಲೇ ದಮನಿನ ಪೋರ್ಚುಗೀಸರು ತಮ್ಮ ಹಳ್ಳಿಗಳ ಮೇಲೆ ದಾಳಿ ನಡೆಯದಿರಲೆಂದು ನೆರೆಯ ರಾಮನಗರದ ರಾಜನಿಗೆ ಚೌತ್ ಕೊಡುತ್ತಿದ್ದರು. ಶಿವಾಜಿಯ ಸೈನ್ಯ 1672ರಲ್ಲಿ ರಾಮನಗರವನ್ನು ಹಿಡಿದ ಮೇಲೆ ಆ ಹಕ್ಕು ಈಗ ತನ್ನದೆಂದಿತು.

ದೂರದ ಜಪಾನಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ಯುದ್ಧನೌಕೆಗಳು 1853ರಲ್ಲಿ ಅದರ ಬಾಗಿಲು ಬಡಿದವು. 1858ರ ಒಪ್ಪಂದದ ಪ್ರಕಾರ, ಜಪಾನಿನಲ್ಲಿ ತಪ್ಪು ಮಾಡಿದ ಅಮೆರಿಕನ್ನನನ್ನು ವಿಚಾರಿಸುವ ಅಧಿಕಾರ ಜಪಾನಿಗೇ ಇರಲಿಲ್ಲ. ಆ ಅವಮಾನ ಇನ್ನೂ ಹಸಿಯಾಗಿದ್ದಾಗಲೇ, 1876ರಲ್ಲಿ, ಜಪಾನು ಕೊರಿಯಾದ ಕಡಲಿಗೆ ನೌಕೆ ಕಳಿಸಿ ಅಂಥದೇ ಷರತ್ತಿಗೆ ಸಹಿ ಹಾಕಿಸಿಕೊಂಡಿತು. 1910ರಲ್ಲಿ ಕೊರಿಯಾವನ್ನೇ ನುಂಗಿತು.

ತಪ್ಪು ಕಲ್ಪನೆ: ಇದು ಬೇರೆಯವರ ಗುಣ, ಕನ್ನಡದ ಅರಸರು ಹಾಗಲ್ಲ.

ವಾಸ್ತವ: ಉರಣದ ಎದುರಿನ ಕಡಲಲ್ಲಿ ಕಾಣುವ ಘಾರಾಪುರಿ ದ್ವೀಪವೇ ಕೊಂಕಣ ಮೌರ್ಯರ ರಾಜಧಾನಿ ಪುರಿ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಆ ಪುರಿಯನ್ನು ಹಡಗುಗಳಿಂದ ಮುತ್ತಿ ಗೆದ್ದವನು ನಮ್ಮ ಇಮ್ಮಡಿ ಪುಲಕೇಶಿ. 634ರ ಐಹೊಳೆ ಶಾಸನ ಅದನ್ನು ಹೆಮ್ಮೆಯಿಂದ ಸಾರುತ್ತದೆ. ಅಂಥ ಬಾದಾಮಿ ಚಾಲುಕ್ಯರಿಗೇ ಸಾಮಂತರಾಗಿದ್ದ ರಾಷ್ಟ್ರಕೂಟರು 753ರ ಹೊತ್ತಿಗೆ ಒಡೆಯರನ್ನು ಕೆಡವಿದರು. ತಾವೂ ಸಾಮಂತರನ್ನು ಕಟ್ಟಿಕೊಂಡರು. ಠಾಣೆಯಿಂದ ಆಳಿದ ಶಿಲಾಹಾರರು ಅಂಥವರಲ್ಲೊಬ್ಬರು. ರಾಷ್ಟ್ರಕೂಟರು ಅಳಿದಾಗ ಶಿಲಾಹಾರ ಅಪರಾಜಿತ ಹಿಗ್ಗಲಿಲ್ಲ. ಭಿವಂಡಿ ತಾಲೂಕಿನ ಭಾದಾಣೆಯಲ್ಲಿ ಸಿಕ್ಕ 997ರ ತಾಮ್ರಪಟದಲ್ಲಿ ಹಳೆಯ ಒಡೆಯರ ವಂಶಾವಳಿಯನ್ನೇ ಹೇಳಿಸಿ, ಅವರ ಅಳಿವಿಗೆ ಮರುಗಿದ್ದಾನೆ. ಆದರೂ ಕೆಲವೇ ದಶಕಗಳಲ್ಲಿ ಅವನ ಮನೆತನದವರು ದಕ್ಷಿಣ ಕೊಂಕಣದ ಶಿಲಾಹಾರರ ರಾಜ್ಯವನ್ನು ಕಬಳಿಸಿದರು. 1265ರ ಸುಮಾರಿಗೆ ಠಾಣೆಯ ಶಿಲಾಹಾರರನ್ನು ಮುಗಿಸಿದವನು ಯಾದವರ ಮಹಾದೇವ. ಆ ಯಾದವರೂ ಒಂದು ಕಾಲಕ್ಕೆ ಬಸವಕಲ್ಯಾಣದ ಚಾಲುಕ್ಯರಿಗೆ ಕಪ್ಪ ಒಪ್ಪಿಸಿದವರೇ.

ಮೈಸೂರನ್ನೂ ಬಿಡಬೇಕಾಗಿಲ್ಲ. ಮರಾಠರಿಗೆ ಮತ್ತೆ ಮತ್ತೆ ಹಣ ತೆತ್ತು ನಲುಗಿದ ಸಂಸ್ಥಾನವದು. ಹೈದರನ ಕಾಲದಲ್ಲಿ ಅದು 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು, 1766ರಲ್ಲಿ ಮಲಬಾರನ್ನು, 1779ರಲ್ಲಿ ಚಿತ್ರದುರ್ಗವನ್ನು ನುಂಗಿತು. ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯನ್ನು ಅಳಿಸಿದ್ದು ಪರನಾಡಿನವರಲ್ಲ, ಕನ್ನಡನಾಡಿನವರೇ.

ತಪ್ಪು ಕಲ್ಪನೆ: ಬಲ ಬಂದ ಮೇಲೆ ಹೀಗಾಗುವುದು ಸಹಜ, ತಡೆಯಲಾಗದು.

ವಾಸ್ತವ: ತಡೆಯಬೇಕೆಂದು ಹೊರಟವರು ಇದ್ದರು, ಬರಹದಲ್ಲೇ ಸಿಗುತ್ತಾರೆ. 1670ರ ದಶಕದಲ್ಲಿ ಶಿವಾಜಿ ಚಿಪ್ಳೂಣ ಕಡೆಯ ತನ್ನ ಅಧಿಕಾರಿಗಳಿಗೆ ಕಳಿಸಿದ ಪತ್ರ ಉಳಿದುಬಂದಿದೆ. ಮಳೆಗಾಲಕ್ಕೆಂದು ಕೂಡಿಟ್ಟ ದಾಣಿ, ಹುಲ್ಲನ್ನು ಹಿತಮಿತವಾಗಿ ಬಳಸಿ. ಅದು ತೀರಿತೆಂದು ರೈತರ ಕಾಳು, ರೊಟ್ಟಿ, ಸೌದೆ, ಕಾಯಿಪಲ್ಯಕ್ಕೆ ಕೈಹಾಕಿದಿರೋ, ಜನ ನಿಮಗಿಂತ ಮೊಗಲರೇ ವಾಸಿ ಎಂದುಕೊಂಡಾರು ಎಂದು ಅವನು ಎಚ್ಚರಿಸುತ್ತಾನೆ. ರಾತ್ರಿ ದೀಪ ಆರಿಸದೆ ಮಲಗಬೇಡಿ, ಇಲಿ ಬತ್ತಿ ಎಳೆದೊಯ್ದರೆ ಹುಲ್ಲಿಗೆ ಬೆಂಕಿ ಬಿದ್ದೀತು ಎಂಬಷ್ಟು ಸೂಕ್ಷ್ಮ ಅದರಲ್ಲಿದೆ. ತುಳಿಸಿಕೊಂಡವನು ತುಳಿಯುವವನಾಗುವ ಅಪಾಯವನ್ನು ಆ ಅರಸ ಕಣ್ಣಾರೆ ಕಂಡಿದ್ದ. ಬಂಗಾಳಕ್ಕೆ ಹೋದ ದಂಡಿಗೆ ಅಂಥ ಆಜ್ಞೆಯ ಬಿಗಿ ಇರಲಿಲ್ಲ. ಸಂಕಟದ ನೆನಪನ್ನು ಯಾರಾದರೊಬ್ಬರು ನಿಯಮವಾಗಿ ಬರೆದು, ಅದನ್ನು ಪಾಲಿಸಲೇಬೇಕೆಂದು ಹಟಹಿಡಿದರೆ ಮಾತ್ರ ದುರ್ಬಲನಿಗೆ ರಕ್ಷಣೆ.

ತಪ್ಪು ಕಲ್ಪನೆ: ಇದೆಲ್ಲ ರಾಜರ ಕಾಲದ್ದು, ಪ್ರಜಾಪ್ರಭುತ್ವದಲ್ಲಿ ಮುಗಿದ ಕಥೆ.

ವಾಸ್ತವ: 1970ರ ನಂತರ ನವಿಮುಂಬಯಿ ಕಟ್ಟಲು ಠಾಣೆ, ಪನವೇಲ್, ಉರಣ ತಾಲೂಕುಗಳ 95 ಹಳ್ಳಿಗಳ ಜಮೀನನ್ನು ಸರಕಾರ ಸ್ವಾಧೀನಪಡಿಸಿಕೊಂಡಿತು. ಆಗ್ರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಆಗರಗಳು ಅವು. ಸ್ವಾಧೀನಕ್ಕೆ ಆಧಾರ 1894ರ ಭೂಸ್ವಾಧೀನ ಕಾಯಿದೆ. ಗುಲಾಮ ದೇಶದ ರೈತನಿಗಾಗಿ ಇಂಗ್ಲಿಷರು ಬರೆದದ್ದು. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ರೈತರು ನ್ಯಾಯ ಕೇಳಿ ಬೀದಿಗಿಳಿದಾಗ ಉರಣ ತಾಲೂಕಿನ ಜಾಸಯಿ ಬಳಿ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಅಭಿವೃದ್ಧಿಪಡಿಸಿದ ಜಮೀನಿನಲ್ಲಿ ಮೂಲ ಒಡೆಯರಿಗೆ ಶೇಕಡಾ 12.5ರಷ್ಟನ್ನು ಹಿಂದಿರುಗಿಸುವ ಯೋಜನೆ ದಕ್ಕಿದ್ದು ಆ ಹೋರಾಟದಿಂದ. ವಾಶಿ, ನೆರುಳ್, ಖಾರಘರಗಳ ನಮ್ಮ ಮನೆಗಳು ನಿಂತಿರುವುದು ಆ ನೆಲದ ಮೇಲೆ. ಇಂಗ್ಲಿಷರು ಹೋದ ಮೇಲೂ ಉಳಿದ ಆ ಕಾಯಿದೆಯನ್ನು ಸ್ವತಂತ್ರ ಭಾರತದ ಸಂಸತ್ತು ತೆಗೆದುಹಾಕಿದ್ದು 2013ರಲ್ಲಿ.