ಹೊಲದ ಮಣ್ಣಿಗೆ ಮೂರು ಮೂಲೆಯ ಚಿತ್ರ

ನಮ್ಮದು ಚಳ್ಳಕೆರೆ ಕಡೆಯ ಮಳೆ ನಂಬಿದ ಬೇಸಾಯ. ಇಳಿಜಾರಿನ ಕೆಂಪು ಮಣ್ಣು, ಬೆಳೆ ಶೇಂಗಾ. ಮೂಡಲ ಹೊಲ, ಪಡುವಲ ಹೊಲ ಅಂತ ಎರಡು ತುಂಡು. ಪಡುವಲದ್ದು ಕೆಟ್ಟ ಮಣ್ಣು ಎಂಬುದು ಅಪ್ಪನ ಕಾಲದಿಂದ ಬಂದ ಮಾತು. 2023ರ ಬೇಸಿಗೆಯಲ್ಲಿ ಸಾಲ ಎತ್ತಿ 40 ಟ್ರಾಕ್ಟರ್ ಕೆರೆಗೋಡು ಮಾತಾಡಿದ್ದೆ. ಅಷ್ಟನ್ನೂ ಪಡುವಲ ಹೊಲಕ್ಕೇ ಹೊಡೆಸೋದು ಅಂತ ಇದ್ದೆ. ಕೃಷಿ ಓದುವ ಅಣ್ಣನ ಮಗ ತಡೆದು, 'ಚಿಕ್ಕಪ್ಪ, ಮೊದಲು ಬಾಟ್ಲಿಗೆ ಹಾಕಿ ನೋಡೋಣ' ಅಂದ.

ಮಣ್ಣಿನಲ್ಲಿ ಮರಳು, ಹಿಟ್ಟಿನಂಥ ರೇವೆ, ಅಂಟಿನ ಜೇಡಿ ಎಂದು ಮೂರು ಪಾಲು. ನೇರ ಗೋಡೆಯ ಗಾಜಿನ ಬಾಟ್ಲಿಗೆ ಕಲ್ಲು ಆರಿಸಿದ ಪುಡಿಮಣ್ಣು ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಒಂದು ನಿಮಿಷಕ್ಕೆ ಕೂತದ್ದು ಮರಳು, ಗೆರೆ ಹಾಕಿ. ಎರಡು ಗಂಟೆಗೆ ಅದರ ಮೇಲೆ ಕೂತದ್ದು ರೇವೆ. ಒಂದೆರಡು ದಿನ ಬಿಟ್ಟು ನೀರು ತಿಳಿಯಾದ ಮೇಲೆ ಉಳಿದದ್ದು ಜೇಡಿ. ನನ್ನ ಒಂದು ಬಾಟ್ಲಿಯಲ್ಲಿ 39, 12, 9 ಮಿ.ಮೀ. ಬಂತು, ಒಟ್ಟು 60. ನೂರಕ್ಕೆ ಲೆಕ್ಕ ಹಾಕಿದರೆ 65, 20, 15. ಜೇಡಿ ನೀರು ಕುಡಿದು ಉಬ್ಬಿ ಕೂರುವುದರಿಂದ ಸ್ವಲ್ಪ ಹೆಚ್ಚೇ ಕಾಣುತ್ತದೆ. ಪ್ರಯೋಗಾಲಯದ ಲೆಕ್ಕ ತೂಕದ್ದು, ಇದಕ್ಕೆ ತಾಳೆಯಾಗದು. ನಮ್ಮ ಹೊಲಕ್ಕೆ ನಮ್ಮ ಹೊಲ ಹೋಲಿಸಲು ಸಾಕು.

ಈಗ ಚಿತ್ರ. ಮೂರೂ ಬದಿ ಹನ್ನೊಂದೂವರೆ ಸೆ.ಮೀ. ಇರುವ ತ್ರಿಕೋನ ಬರೆಯಿರಿ, ಎತ್ತರ ಹತ್ತು ಸೆ.ಮೀ. ಬರುತ್ತದೆ. ಮೇಲಿನ ಮೂಲೆ ಜೇಡಿ, ಕೆಳಗೆ ಎಡಕ್ಕೆ ಮರಳು, ಬಲಕ್ಕೆ ರೇವೆ. ಒಂದು ಮೂಲೆಯ ಎದುರಿನ ಬದಿಯಲ್ಲಿ ಆ ಪಾಲು ಸೊನ್ನೆ, ಮೂಲೆಯಲ್ಲಿ ನೂರು. ಜೇಡಿ 15 ಅಂದರೆ ಕೆಳಬದಿಯಿಂದ ಒಂದೂವರೆ ಸೆ.ಮೀ. ಮೇಲೆ ಅಡ್ಡಗೆರೆ. ಮರಳು 65 ಅಂದರೆ ಬಲಬದಿಯಿಂದ ಆರೂವರೆ ಸೆ.ಮೀ. ಒಳಗೆ, ಆ ಬದಿಗೆ ಸಮನಾಗಿ ಇನ್ನೊಂದು ಗೆರೆ. ಕೂಡಿದಲ್ಲಿ ಚುಕ್ಕೆ. ಎಡಬದಿಯಿಂದ ಅಳೆದು ನೋಡಿ, ರೇವೆಯ ಎರಡು ಸೆ.ಮೀ. ತಾನಾಗಿ ಸಿಗುತ್ತದೆ. ಸಿಗದಿದ್ದರೆ ಲೆಕ್ಕ ತಪ್ಪಿದೆ. ಏಳನೇ ಇಯತ್ತೆಯ ನನಗೇ ಇದು ಬಂತು.

ಎರಡೂ ಹೊಲದ ಮೇಲುಭಾಗದಿಂದ ಮೂರು ಮೂರು, ತಗ್ಗಿನಿಂದ ಮೂರು ಮೂರು, ಒಟ್ಟು 12 ಚುಕ್ಕೆ. ಮೂಡಲದ್ದಕ್ಕೆ ಸೊನ್ನೆ ಗುರುತು, ಪಡುವಲದ್ದಕ್ಕೆ ಕತ್ತರಿ ಗುರುತು ಹಾಕಿದೆ. ಸೊನ್ನೆ ಕತ್ತರಿ ಎಲ್ಲ ಕಲಸಿಹೋಯಿತು. ಹಾಗಾದರೆ ಪಡುವಲದ ಮಣ್ಣು ಬೇರೆಯಲ್ಲ! ಹುಡುಗ ಅವೇ ಚುಕ್ಕೆಗಳನ್ನು ಇನ್ನೊಂದು ಹಾಳೆಯಲ್ಲಿ ಮೇಲುಭಾಗ, ತಗ್ಗು ಎಂದು ವಿಂಗಡಿಸಿ ಗುರುತು ಹಾಕಿದ. ಮೇಲಿನವು ಆರೂ ಮರಳು ಮೂಲೆಯತ್ತ ಗುಂಪು, ತಗ್ಗಿನವು ಜೇಡಿ ಕಡೆಗೆ ಇನ್ನೊಂದು ಗುಂಪು. ನುಣ್ಣನೆ ಮಣ್ಣು ಮಳೆನೀರಿನ ಜೊತೆ ಇಳಿದುಹೋಗಿದೆ. ಪಡುವಲ ಹೊಲದಲ್ಲಿ ಮೇಲುಭಾಗವೇ ಹೆಚ್ಚು, ಅದಕ್ಕೇ ಅದಕ್ಕೆ ಕೆಟ್ಟ ಹೆಸರು. ಚುಕ್ಕೆ ಅವೇ, ವಿಂಗಡಣೆ ಬದಲಾಯಿತು ಅಷ್ಟೆ.

ಹುಡುಗ ಇದನ್ನೇ ಕಂಪ್ಯೂಟರಿನಲ್ಲಿ ಆರ್ ಎಂಬ, ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರಿನಲ್ಲಿ ತೆಗೆದು ತೋರಿಸಿದ. ಅಲ್ಲಿ ಯಾವ ಪಾಲು ಯಾವ ಮೂಲೆಗೆ, ಯಾವುದರಂತೆ ವಿಂಗಡಿಸಬೇಕು, ಎಲ್ಲ ಒಂದೇ ತ್ರಿಕೋನದಲ್ಲೋ ವಿಭಾಗಕ್ಕೊಂದು ತ್ರಿಕೋನವೋ ಎಂದು ನಾವೇ ಹೇಳಬೇಕು. ಚುಕ್ಕೆ ಕಡಿಮೆಯಿದ್ದರೆ ಒಂದೇ ತ್ರಿಕೋನ ವಾಸಿ. ಬಹಳವಿದ್ದರೆ ಬೇರೆ ಬೇರೆ ಮಾಡಿ, ಆದರೆ ಎಲ್ಲದರಲ್ಲೂ ಸೊನ್ನೆಯಿಂದ ನೂರರ ಅಳತೆ ಒಂದೇ ಇರಲಿ. ಚುಕ್ಕೆ ಇರುವ ಜಾಗವನ್ನಷ್ಟೇ ಹಿಗ್ಗಿಸಿ ತೋರಿಸಿದರೆ ಮರಳಿನ ಗುಂಪೂ ಜೇಡಿಯ ಗುಂಪೂ ಒಂದೇ ಥರ ಕಂಡು ಮೋಸಹೋಗುತ್ತೀರಿ.

ಆಮೇಲೆ ಕೆರೆಗೋಡಿಗೂ ಬಾಟ್ಲಿ ಇಟ್ಟು ಅದೇ ಹಾಳೆಯಲ್ಲಿ ಚೌಕದ ಗುರುತು ಹಾಕಿದೆವು. ಹಳ್ಳ ಬಂದು ಕೆರೆ ಸೇರುವ ಬಾಯಿಯ ಗೋಡು ನಮ್ಮ ಮೇಲುಹೊಲದ ಪಕ್ಕದಲ್ಲೇ ಬಂದು ಕೂತಿತು, ಬರೀ ಮರಳು. ಏರಿ ಹತ್ತಿರದ್ದು ಜೇಡಿ ಮೂಲೆಗೆ ಏರಿತು. ಟ್ರಾಕ್ಟರಿನವನು ದಾರಿ ಹತ್ತಿರ ಅಂತ ಬಾಯಿಯಿಂದಲೇ ತುಂಬುವವನಿದ್ದ. ಒಪ್ಪಲಿಲ್ಲ. ಏರಿ ಹತ್ತಿರದ್ದನ್ನೇ ತರಿಸಿ, 40 ಲೋಡನ್ನೂ ಎರಡು ಹೊಲದ ಮೇಲುಭಾಗಕ್ಕೆ ಹಂಚಿ, ಕೆಳಗೆ ಬದು ಹಾಕಿಸಿದೆ.